ಮೂರು ಗುರುತು, ಎಂಟು ಹೆಚ್ಚುವರಿ ಕುರ್ಚಿ: ಮಾರಿಷಸ್ ಚುನಾವಣೆಯ ಒಳಲೆಕ್ಕ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬೆಂಗಳೂರು ನಗರ ಜಿಲ್ಲೆಗಿಂತ ಒಂಚೂರು ಚಿಕ್ಕದಾದ ಒಂದು ದೇಶದ ಚುನಾವಣೆಯ ಬಗ್ಗೆ ಇವತ್ತಿನ ಮಾತು. ಮಾರಿಷಸ್, ರೋಡ್ರಿಗ್ಸ್ ಮತ್ತಿತರ ದ್ವೀಪಗಳೆಲ್ಲ ಸೇರಿ ಎರಡು ಸಾವಿರ ಚದರ ಕಿಲೋಮೀಟರ್ ಚಿಲ್ಲರೆ ನೆಲ, ಹನ್ನೆರಡೂವರೆ ಲಕ್ಷದ ಆಸುಪಾಸು ಜನ. 2024ರ ನವೆಂಬರ್ 10ರಂದು ಅಲ್ಲಿ ಸಾರ್ವತ್ರಿಕ ಚುನಾವಣೆ ನಡೆದಾಗ ಮತದಾರರ ಸಂಖ್ಯೆ 10 ಲಕ್ಷದ ಗಡಿ ಮುಟ್ಟಿತ್ತು. ನಮ್ಮ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ ಒಂದರಲ್ಲೇ ಅದರ ಎರಡು ಪಟ್ಟಿಗೂ ಹೆಚ್ಚು ಮತದಾರರಿದ್ದಾರೆ.

ಇಷ್ಟು ಸಣ್ಣ ದೇಶದಲ್ಲಿ ಚುನಾವಣೆ ಏನು ಮಹಾ ಎಂದುಕೊಂಡರೆ ತಪ್ಪಾಯಿತು. ಅಲ್ಲಿ ಮತದಾರರ ಪಟ್ಟಿ ವರ್ಷವರ್ಷವೂ ಹೊಸದಾಗಿ ತಯಾರಾಗುತ್ತದೆ. ಮತಗಟ್ಟೆಗೆ ಹೋದವರು ಒಂದಲ್ಲ, ಮೂರು ಮತ ಹಾಕಬೇಕು, ಹಾಕಲೇಬೇಕು. ಎಣಿಕೆಯೆಲ್ಲ ಮುಗಿದ ಮೇಲೆ ಸೋತವರ ಪೈಕಿ ಎಂಟು ಮಂದಿಯವರೆಗೆ ಸಂಸತ್ತಿಗೆ ಕರೆಸಿಕೊಳ್ಳುತ್ತಾರೆ, ಆ ಲೆಕ್ಕಕ್ಕೆ 1972ರ ಜನಗಣತಿಯನ್ನು ಬಳಸುತ್ತಾರೆ. ಯಾವ ಗುಂಪೂ ಹೊರಗುಳಿಯಬಾರದು ಎಂಬ ಒಂದೇ ಆತಂಕದಿಂದ ಕಟ್ಟಿದ ವ್ಯವಸ್ಥೆ ಇದು. ಅದು ಎಡವುವುದೂ ಅಲ್ಲೇ: ಯಾರಾದರೊಬ್ಬರು ಹೊರಗುಳಿಯುತ್ತಲೇ ಇರುತ್ತಾರೆ.

ಆತಂಕ ಎಲ್ಲಿಂದ ಬಂತು ಅಂದರೆ, 1960ರ ದಶಕದಿಂದ. ಬ್ರಿಟಿಷರು ಹೊರಡುವ ಸಿದ್ಧತೆಯಲ್ಲಿದ್ದರು. ಕಬ್ಬಿನ ತೋಟಗಳಿಗೆಂದು ಭಾರತದಿಂದ ಕರೆತಂದ ಕೂಲಿಗಳ ಮಕ್ಕಳು ಮೊಮ್ಮಕ್ಕಳೇ ಅಷ್ಟೊತ್ತಿಗೆ ಬಹುಸಂಖ್ಯಾತರು. ಸ್ವಾತಂತ್ರ್ಯ ಬಂದರೆ ಹಿಂದೂಗಳ ಆಳ್ವಿಕೆಯಲ್ಲಿ ನಮ್ಮನ್ನು ಕೇಳುವವರಾರು ಎಂಬ ಅಳುಕು ಮುಸ್ಲಿಮರಲ್ಲಿ, ಆಫ್ರಿಕಾ ಮೂಲದ ಕ್ರಿಯೋಲರಲ್ಲಿ, ಫ್ರೆಂಚ್ ಮೂಲದವರಲ್ಲಿ, ಚೀನೀಯರಲ್ಲಿ ಇತ್ತು. 1966ರಲ್ಲಿ ಬಂದ ಬ್ಯಾನ್‌ವೆಲ್ ಆಯೋಗ ಒಂದು ಸೂತ್ರ ಕೊಟ್ಟಿತು. ಸೀವೂಸಾಗರ್ ರಾಮಗೂಲಾಂ ಅವರ ಲೇಬರ್ ಪಕ್ಷ ಅದಕ್ಕೆ ತಗಾದೆ ತೆಗೆಯಿತು. ಕೊನೆಗೆ ಲಂಡನ್ನಿನಿಂದ ಬ್ರಿಟಿಷ್ ಸಚಿವ ಜಾನ್ ಸ್ಟೋನ್‌ಹೌಸ್ ಬಂದು ರಾಜಿ ಮಾಡಿಸಿದರು: ಮುಖ್ಯದ್ವೀಪದಲ್ಲಿ ತಲಾ ಮೂವರು ಸದಸ್ಯರ 20 ಕ್ಷೇತ್ರ, ರೋಡ್ರಿಗ್ಸ್‌ಗೆ ಇಬ್ಬರು ಸದಸ್ಯರ ಒಂದು ಕ್ಷೇತ್ರ, ಒಟ್ಟು 62 ಚುನಾಯಿತ ಸ್ಥಾನ, ಅದರ ಮೇಲೆ ಎಂಟು ಹೆಚ್ಚುವರಿ ಕುರ್ಚಿ. 1967ರ ಆಗಸ್ಟ್ 7ರಂದು ಈ ಸೂತ್ರದಂತೆ ಮೊದಲ ಚುನಾವಣೆ ನಡೆಯಿತು. 1968ರ ಮಾರ್ಚ್ 12ಕ್ಕೆ ಸ್ವಾತಂತ್ರ್ಯ. ಅಂದಿನ ಆ ರಾಜಿಸೂತ್ರವೇ ಇಂದಿಗೂ ಮುಂದುವರಿದಿದೆ.

ಪಟ್ಟಿಯ ಕೆಲಸ ಶುರುವಾಗುವುದು ಜನವರಿಯಲ್ಲಿ

ನಮ್ಮಲ್ಲಿ ಒಮ್ಮೆ ಪಟ್ಟಿಗೆ ಹೆಸರು ಸೇರಿತೆಂದರೆ, ಯಾರಾದರೂ ತೆಗೆಸುವವರೆಗೆ ಅದು ಅಲ್ಲೇ ಇರುತ್ತದೆ ಎಂಬ ನಂಬಿಕೆಯಲ್ಲಿ ಬದುಕುತ್ತೇವೆ. ಮಾರಿಷಸ್‌ನಲ್ಲಿ ಈ ನಂಬಿಕೆ ಇಟ್ಟುಕೊಂಡವರು ಕೈ ಸುಟ್ಟುಕೊಳ್ಳುತ್ತಾರೆ. ಅಲ್ಲಿ ಚುನಾವಣಾ ಆಯುಕ್ತರ ಕಚೇರಿಯ ಎಣಿಕೆದಾರರು ಪ್ರತಿವರ್ಷ ಜನವರಿಯಿಂದ ಮನೆಮನೆ ಸುತ್ತುತ್ತಾರೆ. ಈ ಮನೆಯಲ್ಲಿ ಈಗ ಯಾರಿದ್ದಾರೆ, ಯಾರು ಹೊರಟುಹೋದರು, ಯಾರು ತೀರಿಕೊಂಡರು, ಯಾರಿಗೆ 18 ತುಂಬುತ್ತದೆ ಎಂದು ಕೇಳಿ ನಮೂನೆ ತುಂಬಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಬಾಗಿಲು ಹಾಕಿದ್ದರೆ ಚೀಟಿ ಬಿಟ್ಟುಹೋಗುತ್ತಾರೆ. ಅದನ್ನು ಹಿಡಿದು ಹೋಗಿ ಹೆಸರು ಬರೆಸುವ ಹೊಣೆ ಮನೆಯವರದು. ಮೇ ತಿಂಗಳ ಹೊತ್ತಿಗೆ ಕರಡು ಪಟ್ಟಿಯನ್ನು ಸಾರ್ವಜನಿಕರ ಪರಿಶೀಲನೆಗೆ ಇಡುತ್ತಾರೆ. ಬಿಟ್ಟುಹೋದವರು ಸೇರಿಸಿ ಎಂದು ಕೇಳಬಹುದು, ಇಲ್ಲಿ ವಾಸವೇ ಇಲ್ಲದವರ ಹೆಸರಿಗೆ ಆಕ್ಷೇಪಣೆ ಹಾಕಬಹುದು. ಅದೆಲ್ಲ ಇತ್ಯರ್ಥವಾಗಿ ಆಗಸ್ಟ್ 16ರಂದು ಹೊಸ ಪಟ್ಟಿ ಜಾರಿಗೆ ಬರುತ್ತದೆ. ಮುಂದಿನ ಆಗಸ್ಟ್ 15ರವರೆಗೆ ಯಾವ ಚುನಾವಣೆ ಬಂದರೂ ಅದೇ ಪಟ್ಟಿ.

ಈ ವಿಧಾನದ ಲಾಭ ಎದ್ದು ಕಾಣುವಂಥದ್ದು. ಸತ್ತವರ ಹೆಸರು ವರ್ಷಗಟ್ಟಲೆ ಉಳಿಯುವುದಿಲ್ಲ, ಒಬ್ಬರ ಹೆಸರು ಎರಡು ಊರಿನಲ್ಲಿ ಇರುವುದು ಅಪರೂಪ. ತೊಂದರೆ ಏನೆಂದರೆ, ಜನವರಿಯಲ್ಲಿ ಚುನಾವಣೆಯ ಕಾವು ಯಾರಿಗೂ ಇರುವುದಿಲ್ಲ. 2019ರ ಚುನಾವಣೆಯನ್ನೇ ನೋಡಿ. ಅಕ್ಟೋಬರ್ ಮೊದಲ ವಾರ ಘೋಷಣೆ, ನವೆಂಬರ್ 7ಕ್ಕೆ ಮತದಾನ. ಘೋಷಣೆಯಾದ ಮೇಲೆ ಪಟ್ಟಿಗೆ ಒಂದು ಹೆಸರನ್ನೂ ಸೇರಿಸಲು ಬರುವುದಿಲ್ಲ, ಏಕೆಂದರೆ ಆಗಸ್ಟ್ 16ಕ್ಕೇ ಪಟ್ಟಿಗೆ ಬೀಗ ಬಿದ್ದಿರುತ್ತದೆ. ಮತದಾನದ ದಿನ ಎಷ್ಟೋ ಮಂದಿ ಎಂದಿನಂತೆ ಶಾಲೆಯ ಮತಗಟ್ಟೆಗೆ ಹೋಗಿ ನೋಡಿದರೆ ಹೆಸರೇ ಇಲ್ಲ. ಹಿಂದಿನ ಚುನಾವಣೆಯಲ್ಲಿ ಅದೇ ಕೊಠಡಿಯಲ್ಲಿ ಮತ ಹಾಕಿದವರು! ಗದ್ದಲವಾಯಿತು, ಬೇಕೆಂದೇ ಅಳಿಸಿದ್ದಾರೆ ಎಂಬ ಆರೋಪ ಬಂತು. ಆ ವರ್ಷದ ನಮೂನೆ ತುಂಬಿ ಕೊಟ್ಟಿರಲಿಲ್ಲ ಎಂಬುದು ಅಧಿಕಾರಿಗಳ ಉತ್ತರ. ನನ್ನ ಅಭಿಪ್ರಾಯ ಕೇಳಿದರೆ, ನಿಯಮದ ಪ್ರಕಾರ ಅಧಿಕಾರಿಗಳ ಮಾತು ಸರಿ; ಆದರೆ ನಮೂನೆ ಬರಲಿಲ್ಲವೆಂದು ಹೆಸರು ತೆಗೆಯುವ ಮೊದಲು ಆ ವ್ಯಕ್ತಿಗೊಂದು ನೋಟಿಸ್ ತಲುಪಿದ್ದು ಖಾತ್ರಿಯಾಗಬೇಕು. ಮತದಾನದ ದಿನ ಗೊತ್ತಾದರೆ ಏನೂ ಮಾಡಲಾಗದು.

ಇನ್ನೊಂದು ತೊಡಕು: ವಾಸ ಎಲ್ಲಿದೆಯೋ ಅಲ್ಲೇ ಮತ. ಆಗಸ್ಟ್ ನಂತರ ಮನೆ ಬದಲಿಸಿದವರು ಹಳೆಯ ಕ್ಷೇತ್ರಕ್ಕೇ ಹೋಗಿ ಮತ ಹಾಕಬೇಕು. ದ್ವೀಪ ಚಿಕ್ಕದು, ಬಸ್ಸಿನಲ್ಲಿ ಹೋಗಿಬರಬಹುದು ಬಿಡಿ. ಹೊರದೇಶಕ್ಕೆ ಓದಲು, ದುಡಿಯಲು ಹೋದವರ ಪಾಡು ಬೇರೆ. ಅಂಚೆ ಮತ ಇಲ್ಲ, ರಾಯಭಾರ ಕಚೇರಿಯಲ್ಲಿ ಮತಪೆಟ್ಟಿಗೆ ಇಲ್ಲ. ಬದಲಿ ವ್ಯಕ್ತಿಯ ಮೂಲಕ ಮತ ಹಾಕುವ ಅವಕಾಶ ಪೊಲೀಸರು, ಚುನಾವಣಾ ಸಿಬ್ಬಂದಿ, ಅಭ್ಯರ್ಥಿಗಳಂಥ ಕೆಲವರಿಗೆ ಮಾತ್ರ. ಹನ್ನೆರಡು ತಿಂಗಳಿಗಿಂತ ಹೆಚ್ಚಿನ ಶಿಕ್ಷೆ ಅನುಭವಿಸುತ್ತಿರುವ ಕೈದಿಗೆ ಮತದ ಹಕ್ಕಿಲ್ಲ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1975ರಲ್ಲಿ. ನಮ್ಮಲ್ಲಿ ಅದು ಆಗಲು 1988–89 ಬರಬೇಕಾಯಿತು.

ಮೂರು ಗುರುತು, ಎರಡೂ ಅಲ್ಲ ನಾಲ್ಕೂ ಅಲ್ಲ

ಮತಯಂತ್ರ ಇಲ್ಲ, ಕಾಗದದ ಮತಪತ್ರ. ಅದರ ಮೇಲೆ ಅಭ್ಯರ್ಥಿಗಳ ಹೆಸರು, ಪಕ್ಷದ ಚಿಹ್ನೆ. ಲೇಬರ್ ಪಕ್ಷಕ್ಕೆ ಕೀಲಿಕೈ, ಎಂ.ಎಂ.ಎಂ.ಗೆ (ಮಾರಿಷಿಯನ್ ಮಿಲಿಟಂಟ್ ಮೂವ್‌ಮೆಂಟ್) ಹೃದಯ, ಎಂ.ಎಸ್.ಎಂ.ಗೆ (ಮಿಲಿಟಂಟ್ ಸೋಷಿಯಲಿಸ್ಟ್ ಮೂವ್‌ಮೆಂಟ್) ಸೂರ್ಯ, ಪಿ.ಎಂ.ಎಸ್.ಡಿ.ಗೆ (ಮಾರಿಷಿಯನ್ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ) ಹುಂಜ. ಒಂದು ಕ್ಷೇತ್ರದಲ್ಲಿ 30ಕ್ಕೂ ಹೆಚ್ಚು ಹೆಸರಿರುವುದು ಸಾಮಾನ್ಯ. ಮುಖ್ಯದ್ವೀಪದ ಮತದಾರ ಅದರಲ್ಲಿ ಸರಿಯಾಗಿ ಮೂವರ ಮುಂದೆ ಗುರುತು ಹಾಕಬೇಕು, ರೋಡ್ರಿಗ್ಸ್‌ನಲ್ಲಾದರೆ ಇಬ್ಬರ ಮುಂದೆ. ಒಬ್ಬರು ಮಾತ್ರ ಇಷ್ಟ, ಒಂದೇ ಗುರುತು ಹಾಕಿ ಬರುತ್ತೇನೆ ಅಂದರೆ ಮತಪತ್ರ ಕುಲಗೆಟ್ಟಿತು. ನಾಲ್ಕು ಹಾಕಿದರೂ ಅಷ್ಟೇ. ಒಬ್ಬನಿಗಷ್ಟೇ ಮತ ಹಾಕಿ ಉಳಿದೆರಡನ್ನು ತಡೆಹಿಡಿಯುವ ಗುಂಪುಗಾರಿಕೆಗೆ ಇದು ಲಗಾಮು. ಪ್ರತಿ ಪಕ್ಷವೂ ಮೂವರನ್ನು ನಿಲ್ಲಿಸುತ್ತದೆ. ಆ ಮೂವರಲ್ಲಿ ಕ್ಷೇತ್ರದ ಎಲ್ಲ ಸಮುದಾಯದವರೂ ಬರುವ ಹಾಗೆ ನೋಡಿಕೊಳ್ಳುತ್ತದೆ. ಮತದಾರ ತನ್ನವನಲ್ಲದ ಇಬ್ಬರಿಗಾದರೂ ಮತ ಹಾಕಬೇಕಾಗುತ್ತದೆ. ಯೋಚನೆ ಚೆನ್ನಾಗಿಯೇ ಇದೆ.

ಮೂರೂ ಗುರುತು ಒಂದೇ ಪಕ್ಷಕ್ಕೆ ಬಿದ್ದರೆ ಅಲ್ಲಿಯವರು ಅದನ್ನು ‘ವೋಟ್ ಬ್ಲಾಕ್’ ಅನ್ನುತ್ತಾರೆ. ಇಬ್ಬರು ಈ ಪಕ್ಷದವರು, ಒಬ್ಬ ಆ ಪಕ್ಷದವನು ಎಂದು ಹರಿದು ಹಂಚಿದರೆ ‘ಕೂಪೆ ತ್ರಾಂಶೆ’. ಪ್ರಚಾರದ ಕೊನೆಯ ದಿನಗಳಲ್ಲಿ ನಾಯಕರೆಲ್ಲ ಹಂಚಬೇಡಿ, ಮೂರೂ ನಮಗೇ ಕೊಡಿ ಎಂದು ಗೋಗರೆಯುವುದಕ್ಕೆ ಕಾರಣವಿದೆ.

ಲೆಕ್ಕ ಹಾಕೋಣ. ಒಂದು ಕ್ಷೇತ್ರದಲ್ಲಿ ಸಿಂಧುವಾದ ಮತಪತ್ರ 30,000 ಎಂದಿಟ್ಟುಕೊಳ್ಳಿ. ಪ್ರತಿಯೊಂದರಲ್ಲಿ ಮೂರು ಗುರುತು, ಅಂದರೆ ಮತ 90,000. ಅಭ್ಯರ್ಥಿಯ ಶೇಕಡಾವಾರು ಹಾಕುವಾಗ 90,000ದಿಂದ ಭಾಗಿಸುವುದಿಲ್ಲ, ಮತಪತ್ರದ ಸಂಖ್ಯೆಯಿಂದ ಭಾಗಿಸುತ್ತಾರೆ. ಹಾಗಾಗಿ ಒಂದು ಕ್ಷೇತ್ರದ ಎಲ್ಲ ಅಭ್ಯರ್ಥಿಗಳ ಶೇಕಡಾವಾರು ಕೂಡಿದರೆ 300 ಬರುತ್ತದೆ. ಪತ್ರಿಕೆಯಲ್ಲಿ ಫಲಿತಾಂಶ ಓದುವಾಗ ತಲೆ ಕೆಡುವುದು ಇಲ್ಲೇ. ಈಗ ‘ಅ’ ಪಕ್ಷದ ಪರ 12,000 ಮಂದಿ, ‘ಆ’ ಪಕ್ಷದ ಪರ 10,000, ‘ಇ’ ಪಕ್ಷದ ಪರ 8,000, ಎಲ್ಲರೂ ಬ್ಲಾಕ್ ಮತ ಹಾಕಿದರು ಎಂದುಕೊಳ್ಳಿ. ‘ಅ’ ಪಕ್ಷದ ಮೂವರಿಗೂ ತಲಾ 12,000. ಮೂರು ಸ್ಥಾನವೂ ಅವರಿಗೇ. 40 ಪರ್ಸೆಂಟ್ ಬೆಂಬಲಕ್ಕೆ 100 ಪರ್ಸೆಂಟ್ ಸ್ಥಾನ. ನಮ್ಮ ಒಬ್ಬ ಸದಸ್ಯನ ಕ್ಷೇತ್ರದಲ್ಲೂ ಹೀಗಾಗುತ್ತದೆ, ನಿಜ. ಆದರೆ ಮಾರಿಷಸ್‌ನಲ್ಲಿ ಒಂದೇ ಹೊಡೆತಕ್ಕೆ ಮೂರು ಕುರ್ಚಿ ಹೋಗುತ್ತವೆ.

2019ರಲ್ಲಿ ಆಗಿನ ಪ್ರಧಾನಿ, ಎಂ.ಎಸ್.ಎಂ.ನ ಪ್ರವಿಂದ್ ಜುಗ್ನಾಥ್ ಅವರ ಮೈತ್ರಿಕೂಟ 37 ಪರ್ಸೆಂಟಿನಷ್ಟು ಮತ ಪಡೆದು 62ರಲ್ಲಿ 38 ಸ್ಥಾನ ಗೆದ್ದದ್ದು ಹೀಗೆ. 2024ರಲ್ಲಿ ಲೇಬರ್ ಪಕ್ಷದ ನವೀನ್ ರಾಮಗೂಲಾಂ ಅವರ ಮೈತ್ರಿಕೂಟಕ್ಕೆ 60 ಪರ್ಸೆಂಟ್ ದಾಟಿದ ಮತ ಬಿತ್ತು, ಮುಖ್ಯದ್ವೀಪದ 60ಕ್ಕೆ 60 ಸ್ಥಾನವೂ ಬಂತು. ಎದುರಾಳಿ ಕೂಟಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಮತ ಬಿದ್ದಿತ್ತು, ನೇರವಾಗಿ ಗೆದ್ದ ಸ್ಥಾನ ಮುಖ್ಯದ್ವೀಪದಲ್ಲಿ ಸೊನ್ನೆ. 1982ರಲ್ಲೂ 1995ರಲ್ಲೂ ಇದೇ 60–0 ಆಗಿತ್ತು.

ಸೋತವರಿಗೆ ಕುರ್ಚಿ

ಇನ್ನು ಆ ಎಂಟು ಹೆಚ್ಚುವರಿ ಸ್ಥಾನ. ಅಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು ‘ಬೆಸ್ಟ್ ಲೂಸರ್’. ಸಂವಿಧಾನದ ಮೊದಲ ಅನುಸೂಚಿಯಲ್ಲಿ ಇದರ ವಿಧಾನವಿದೆ. ಜಾರಿ ಮಾಡುವುದು ಚುನಾವಣಾ ಮೇಲ್ವಿಚಾರಣಾ ಆಯೋಗ.

ಸಂವಿಧಾನ ಜನರನ್ನು ನಾಲ್ಕು ಸಮುದಾಯ ಮಾಡುತ್ತದೆ: ಹಿಂದೂ, ಮುಸ್ಲಿಂ, ಚೀನೀ ಮೂಲದವರು, ಮತ್ತು ‘ಬದುಕಿನ ರೀತಿ’ ನೋಡಿದರೆ ಈ ಮೂರಕ್ಕೂ ಸೇರದ ‘ಜನರಲ್ ಪಾಪ್ಯುಲೇಷನ್’. ಕ್ರಿಯೋಲರೂ ಬಿಳಿಯರೂ ಈ ನಾಲ್ಕನೆಯದರಲ್ಲಿ. ತಮಿಳರು, ತೆಲುಗರು, ಮರಾಠಿಗರು ಹಿಂದೂ ಲೆಕ್ಕದಲ್ಲಿ. ಅದರ ಬಗ್ಗೆ ಅವರಲ್ಲಿ ಕೆಲವರಿಗೆ ಅಸಮಾಧಾನವಿದೆ. 1972ರ ಗಣತಿಯಂತೆ ಪಾಲು ಸುಮಾರು ಹೀಗೆ: ಹಿಂದೂ 51.8, ಜನರಲ್ ಪಾಪ್ಯುಲೇಷನ್ 28.7, ಮುಸ್ಲಿಂ 16.6, ಚೀನೀ 2.9.

ಒಂದು ಕಲ್ಪಿತ ಫಲಿತಾಂಶ ಹಿಡಿದು ಲೆಕ್ಕ ಮಾಡಿ ತೋರಿಸುತ್ತೇನೆ. ಗೆದ್ದ 62 ಮಂದಿಯಲ್ಲಿ ಹಿಂದೂ 37, ಜನರಲ್ 17, ಮುಸ್ಲಿಂ 7, ಚೀನೀ 1. ಪ್ರತಿ ಸಮುದಾಯದ ಜನಸಂಖ್ಯೆಯನ್ನು ಅದಕ್ಕೆ ಬಂದ ಸ್ಥಾನಕ್ಕೆ ಒಂದು ಕೂಡಿಸಿ ಭಾಗಿಸಿ. ಹಿಂದೂ: 51.8 ಭಾಗಿಸು 38, ಅಂದರೆ 1.36. ಜನರಲ್: 28.7 ಭಾಗಿಸು 18, 1.59. ಮುಸ್ಲಿಂ: 16.6 ಭಾಗಿಸು 8, 2.08. ಚೀನೀ: 2.9 ಭಾಗಿಸು 2, 1.45. ಯಾರ ಅಂಕಿ ದೊಡ್ಡದೋ ಅವರಿಗೆ ಕೊರತೆ ಹೆಚ್ಚು. ಮೊದಲ ಕುರ್ಚಿ ಮುಸ್ಲಿಂ ಅಭ್ಯರ್ಥಿಗೆ. ಈಗ ಅವರು ಎಂಟಾದರು, ಭಾಜಕ 9 ಆಯಿತು, ಅಂಕಿ 1.84, ಆದರೂ ದೊಡ್ಡದೇ, ಎರಡನೆಯದೂ ಅವರಿಗೆ. ಭಾಜಕ 10, ಅಂಕಿ 1.66, ಮೂರನೆಯದೂ ಅವರಿಗೆ. ಭಾಜಕ 11ಕ್ಕೆ ಏರಿದಾಗ ಅಂಕಿ 1.51ಕ್ಕೆ ಇಳಿಯುತ್ತದೆ, ಜನರಲ್ ಪಾಪ್ಯುಲೇಷನ್ನಿನ 1.59 ಮೇಲಾಗುತ್ತದೆ. ನಾಲ್ಕನೆಯ ಕುರ್ಚಿ ಅವರಿಗೆ. ಐದನೆಯದಕ್ಕೆ ಬಂದರೆ ಜನರಲ್ ಪಾಪ್ಯುಲೇಷನ್, ಮುಸ್ಲಿಂ ಎರಡೂ 1.51ರಲ್ಲಿ ನಿಲ್ಲುತ್ತವೆ. ಇಂಥ ಕಡೆ ನನ್ನ ಈ ಪರ್ಸೆಂಟೇಜ್ ಲೆಕ್ಕ ಸಾಲದು, ತಲೆ ಎಣಿಕೆಯ ಪೂರ್ತಿ ಸಂಖ್ಯೆಯೇ ಬೇಕು.

ಸಮುದಾಯ ಗೊತ್ತಾಯಿತು, ವ್ಯಕ್ತಿ ಯಾರು? ಆ ಸಮುದಾಯದ ಸೋತ ಅಭ್ಯರ್ಥಿಗಳಲ್ಲಿ ತನ್ನ ಕ್ಷೇತ್ರದಲ್ಲಿ ಅತಿ ಹೆಚ್ಚು ಶೇಕಡಾ ಮತ ಪಡೆದವರು. ಅವರು ನೋಂದಾಯಿತ ಪಕ್ಷದವರಾಗಿರಬೇಕು. ಪಕ್ಷೇತರರಿಗೆ ಈ ಬಾಗಿಲು ಮುಚ್ಚಿದೆ. ಮೊದಲ ನಾಲ್ಕು ಕುರ್ಚಿಗೆ ಯಾವ ಪಕ್ಷ ಎಂದು ನೋಡುವುದಿಲ್ಲ. ಎರಡನೆಯ ನಾಲ್ಕರ ಕೆಲಸ ಬೇರೆ: ಮೊದಲ ನಾಲ್ಕರಿಂದ ಗೆದ್ದ ಪಕ್ಷದ ಬಹುಮತ ಸೊರಗಬಾರದು. ಮೊದಲ ನಾಲ್ಕರಲ್ಲಿ ಮೂರು ವಿರೋಧಿಗಳಿಗೆ ಹೋಗಿದ್ದರೆ, ಎರಡನೆಯ ನಾಲ್ಕರಲ್ಲಿ ಮೂರು ಗೆದ್ದ ಪಕ್ಷದ ಸೋತವರಿಗೆ. ಉಳಿದ ಒಂದು, ಈ ಎಂಟರಲ್ಲಿ ಏನೂ ಸಿಗದ ಪಕ್ಷಗಳಲ್ಲಿ ಮುಂದಿರುವುದಕ್ಕೆ. ಒಂದು ಕೈಯಲ್ಲಿ ಸಮುದಾಯದ ಕೊರತೆ ತುಂಬಿ, ಇನ್ನೊಂದು ಕೈಯಲ್ಲಿ ಸರ್ಕಾರದ ಬಲ ಕಾಯುವ ಏರ್ಪಾಡು.

60–0 ಆದಾಗ ಇದು ಅರ್ಧಕ್ಕೇ ನಿಲ್ಲುತ್ತದೆ. ಗೆದ್ದ ಪಕ್ಷದ 60 ಅಭ್ಯರ್ಥಿಗಳೂ ಗೆದ್ದಿರುವಾಗ ಆ ಪಕ್ಷದಲ್ಲಿ ಸೋತವರನ್ನು ಎಲ್ಲಿಂದ ತರುವುದು? ಎರಡನೆಯ ನಾಲ್ಕು ಖಾಲಿ ಉಳಿಯುತ್ತವೆ. 2024ರ ನಂತರದ ಸಂಸತ್ತಿನಲ್ಲಿ 70ರ ಬದಲು 66 ಮಂದಿ ಇರುವುದು ಇದಕ್ಕೇ. ವಿರೋಧ ಪಕ್ಷ ಎಂದು ಕರೆಯಲು ಆ ದೇಶದಲ್ಲಿ ಏನಾದರೂ ಉಳಿದಿದ್ದರೆ, ಅದರಲ್ಲಿ ಈ ಸೋತವರ ಪಾಲು ದೊಡ್ಡದು. ಪ್ರತಿನಿಧಿತ್ವದ ವಿಷಯದಲ್ಲಿ ಇದನ್ನು ಬೈಯುವವರು ಈ ಒಂದು ಉಪಕಾರವನ್ನು ಮರೆಯುತ್ತಾರೆ.

ಆದರೆ ಬೈಯಲು ಕಾರಣಗಳು ಬೇಕಾದಷ್ಟಿವೆ. 1982ರಲ್ಲಿ ಅಧಿಕಾರಕ್ಕೆ ಬಂದ ಎಂ.ಎಂ.ಎಂ. ಸರ್ಕಾರ ನಾವೆಲ್ಲ ಒಂದೇ ಮಾರಿಷಸ್ ಜನ ಎಂದು ಗಣತಿಯಿಂದ ಸಮುದಾಯದ ಪ್ರಶ್ನೆ ಕಿತ್ತುಹಾಕಿತು. ಬೆಸ್ಟ್ ಲೂಸರನ್ನು ಕಿತ್ತುಹಾಕಲು ಮಾತ್ರ ಕೈ ಬರಲಿಲ್ಲ. ಪರಿಣಾಮ, ಅರ್ಧ ಶತಮಾನದ ಹಿಂದಿನ ತಲೆ ಎಣಿಕೆಯೇ ಇಂದಿನ ಕುರ್ಚಿ ಹಂಚುತ್ತಿದೆ. ಇನ್ನೊಂದು: ನಾಮಪತ್ರದಲ್ಲಿ ಅಭ್ಯರ್ಥಿ ತನ್ನ ಸಮುದಾಯ ಬರೆಯಲೇಬೇಕು, ಬರೆಯದಿದ್ದರೆ ತಿರಸ್ಕಾರ. ‘ರೆಜಿಸ್ತಾನ್ಸ್ ಎಕ್ ಆಲ್ಟರ್ನಾಟಿವ್’ ಎಂಬ ಎಡಪಂಥೀಯ ಸಂಘಟನೆಯವರು ನಾವು ಬರೆಯುವುದಿಲ್ಲ ಎಂದು ಪಟ್ಟು ಹಿಡಿದು, ತಿರಸ್ಕೃತರಾಗಿ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯವರೆಗೆ ಹೋದರು. 2012ರಲ್ಲಿ ಸಮಿತಿ ಅವರ ಪರ ಹೇಳಿತು: ಹಳೆಯ ಗಣತಿ ಇಟ್ಟುಕೊಂಡು ಸಮುದಾಯ ಹೇಳೆಂದು ಬಲವಂತ ಮಾಡುವುದು ಮನಸೋ ಇಚ್ಛೆಯ ಕ್ರಮ. ಅದಕ್ಕೆ 2014ರಲ್ಲಿ ಸಂವಿಧಾನ ತಿದ್ದಿದರು, ಆ ಒಂದು ಚುನಾವಣೆಗೆ ಮಾತ್ರ. 2019ಕ್ಕೆ ಮತ್ತೆ ಹಳೆಯ ನಿಯಮ. ಅಂದಹಾಗೆ, ಈ ಎಂಟು ಕುರ್ಚಿಯ ಲೆಕ್ಕದಲ್ಲಿ ಹೆಣ್ಣುಮಕ್ಕಳ ಕೊರತೆಗೆ ಜಾಗವೇ ಇಲ್ಲ. ಸ್ಥಳೀಯ ಸಂಸ್ಥೆಗಳ ಅಭ್ಯರ್ಥಿ ಪಟ್ಟಿಯಲ್ಲಿ ಮೂರನೇ ಒಂದು ಪಾಲು ಇರಲೇಬೇಕೆಂಬ ನಿಯಮವಿದೆ, ಸಂಸತ್ತಿಗೆ ಅದೂ ಇಲ್ಲ.

ಕ್ಷೇತ್ರಗಳ ಅಳತೆಯನ್ನೂ ಹೇಳಿಬಿಡುತ್ತೇನೆ. ಪೋರ್ಟ್ ಲೂಯಿಸ್ ನಗರದೊಳಗಿನ 3ನೇ ಕ್ಷೇತ್ರಕ್ಕೂ ಸವಾನ್–ಬ್ಲ್ಯಾಕ್ ರಿವರ್ ಎಂಬ 14ನೇ ಕ್ಷೇತ್ರಕ್ಕೂ ಮತದಾರರ ಸಂಖ್ಯೆಯಲ್ಲಿ ಸುಮಾರು ಮೂರು ಪಟ್ಟು ಅಂತರ. ಎರಡಕ್ಕೂ ಮೂರೇ ಸದಸ್ಯರು. ಗಡಿ ಆಯೋಗ ಹತ್ತು ವರ್ಷಕ್ಕೊಮ್ಮೆ ವರದಿ ಕೊಡುತ್ತದೆ. ಆದರೆ 3ನೇ ಕ್ಷೇತ್ರ ಮುಸ್ಲಿಮರು ಹೆಚ್ಚಿರುವ ಜಾಗ. ಅದನ್ನು ಮುಟ್ಟಿದರೆ 1966ರ ರಾಜಿಯನ್ನೇ ಮುಟ್ಟಿದಂತೆ.

ಫಲಿತಾಂಶದ ಮೇಲೆ ತಕರಾರಿದ್ದರೆ ಸುಪ್ರೀಂ ಕೋರ್ಟಿಗೆ ಅರ್ಜಿ, ಅಲ್ಲಿಂದ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ. ನಮ್ಮಲ್ಲಿ 1949ರಲ್ಲೇ ಮುಗಿದ ಈ ದಾರಿ ಅಲ್ಲಿ ಇನ್ನೂ ತೆರೆದಿದೆ. 2005ರಲ್ಲಿ 8ನೇ ಕ್ಷೇತ್ರದಿಂದ ಗೆದ್ದ ಅಶೋಕ್ ಜುಗ್ನಾಥ್ ಅವರ ಆಯ್ಕೆ ರದ್ದಾದದ್ದು ಹೀಗೆ: ಸಚಿವರಾಗಿದ್ದಾಗ ಸ್ಮಶಾನಕ್ಕೆ ಜಮೀನಿನ ಭರವಸೆ ಕೊಟ್ಟದ್ದು, ಆಸ್ಪತ್ರೆ ಸಹಾಯಕರ ನೇಮಕಾತಿ ಮಾಡಿದ್ದು ಮತದಾರರಿಗೆ ಲಂಚ ಎಂದು ಕೋರ್ಟ್ ಹೇಳಿತು, 2008ರಲ್ಲಿ ಪ್ರಿವಿ ಕೌನ್ಸಿಲ್ ಎತ್ತಿಹಿಡಿಯಿತು. ಗಟ್ಟಿ ತೀರ್ಪು. ಆದರೆ ಚುನಾವಣೆ ನಡೆದು ಮೂರು ವರ್ಷವಾಗಿತ್ತು. 2019ರ ಚುನಾವಣೆಯಲ್ಲಿ ಇದೇ 8ನೇ ಕ್ಷೇತ್ರದಿಂದ ಪ್ರವಿಂದ್ ಜುಗ್ನಾಥ್ ಗೆದ್ದದ್ದನ್ನು ಪ್ರಶ್ನಿಸಿದ ಅರ್ಜಿ ಪ್ರಿವಿ ಕೌನ್ಸಿಲ್‌ನಲ್ಲಿ ವಜಾ ಆದದ್ದು 2023ರ ಅಕ್ಟೋಬರಿನಲ್ಲಿ. 19ನೇ ಕ್ಷೇತ್ರದ ಮರುಎಣಿಕೆ ನಡೆದದ್ದೂ ಮತದಾನವಾಗಿ ಎರಡು ವರ್ಷ ಕಳೆದ ಮೇಲೆ, ಫಲಿತಾಂಶ ಬದಲಾಗಲಿಲ್ಲ.

ಸಭಿಕರಿಂದ ಒಂದು ಪ್ರಶ್ನೆ ಬಂದಿದೆ: “ಅಲ್ಲಿ ಕೆಲಸಕ್ಕೆ ಹೋಗಿರುವ ನಮ್ಮವರು ಮತ ಹಾಕಬಹುದಾ ಸರ್?”

ಹಾಕಬಹುದು, ಇದು ಎಷ್ಟೋ ಮಂದಿಗೆ ಗೊತ್ತಿಲ್ಲ. ಮಾರಿಷಸ್ ಸಂವಿಧಾನ ಮತದಾರ ಪ್ರಜೆಯೇ ಆಗಿರಬೇಕೆಂದು ಹೇಳುವುದಿಲ್ಲ, ಕಾಮನ್‌ವೆಲ್ತ್ ದೇಶದ ಪ್ರಜೆ ಎಂದಷ್ಟೇ ಹೇಳುತ್ತದೆ. 18 ತುಂಬಿ, ಎರಡು ವರ್ಷದಿಂದ ಅಲ್ಲಿ ವಾಸವಿದ್ದರೆ ಸಾಕು. ಎಬೆನ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಹುಬ್ಬಳ್ಳಿಯ ಹುಡುಗನಿಗೂ ಗಾರ್ಮೆಂಟ್ ಕಾರ್ಖಾನೆಯ ಬಾಂಗ್ಲಾದೇಶಿ ಕಾರ್ಮಿಕನಿಗೂ ಈ ಹಕ್ಕಿದೆ. ಪಕ್ಕದಲ್ಲೇ ದುಡಿಯುವ ನೇಪಾಳಿಗೆ ಇಲ್ಲ, ನೇಪಾಳ ಕಾಮನ್‌ವೆಲ್ತ್‌ನಲ್ಲಿಲ್ಲ. 2019ರಲ್ಲಿ ಬಾಂಗ್ಲಾದೇಶಿ ಕಾರ್ಮಿಕರು ಮತಗಟ್ಟೆಯ ಸಾಲಿನಲ್ಲಿ ಕಂಡಾಗ ದೊಡ್ಡ ರಂಪವಾಯಿತು, ಕಾನೂನು ಮಾತ್ರ ಅವರ ಪರವಿತ್ತು. ಲಂಡನ್ನಿನಲ್ಲಿ ಓದುತ್ತಿರುವ ಮಾರಿಷಸ್ ಹುಡುಗಿಗೆ ಇಲ್ಲದ ಮತ, ಎರಡು ವರ್ಷದ ಹಿಂದೆ ಬಂದಿಳಿದ ಹೊರದೇಶದವರಿಗೆ ಇದೆ. ನಿಮ್ಮ ಬಂಧುಗಳು ಅಲ್ಲಿದ್ದರೆ ಇಷ್ಟು ಹೇಳಿ: ಕಂಪನಿಯವರು ಹೆಸರು ಕೊಟ್ಟಿರುತ್ತಾರೆ ಎಂದು ನಂಬಿ ಕೂರಬೇಡಿ. ಜನವರಿಯಲ್ಲಿ ಎಣಿಕೆದಾರರು ಬಂದಾಗ ಪಾಸ್‌ಪೋರ್ಟ್, ವಾಸದ ಪರವಾನಗಿ ಎರಡೂ ಕೈಗೆ ಸಿಗುವಂತಿರಲಿ, ನಮೂನೆಗೆ ನೀವೇ ಸಹಿ ಹಾಕಿ. ಮೇನಲ್ಲಿ ಕರಡು ಪಟ್ಟಿ ತೆರೆದಿಟ್ಟಾಗ ಹೋಗಿ ನೋಡಿ. ರಜೆಗೆಂದು ಊರಿಗೆ ಬರುವುದು ಜನವರಿಯಲ್ಲೇ ಆದರೆ, ಬಾಗಿಲಿಗೆ ಬಿದ್ದ ಚೀಟಿಯನ್ನು ಎತ್ತಿಡಲು ಪಕ್ಕದ ಮನೆಯವರಿಗೆ ಹೇಳಿ ಬರಲಿ.